ಯಾವ ದಪ್ಪಕ್ಕೆ ಯಾವ ನಾಜಲ್ಲು

ತುರುವೇಕೆರೆ ರಸ್ತೆಯಲ್ಲಿ ನನ್ನದೊಂದು ಗ್ಯಾಸ್ ಕಟಿಂಗ್ ಅಂಗಡಿ. ಬೆಂಕಿ ಉಗುಳೋ ಮೂತಿಗೆ ನಾಜಲ್ಲು ಅಂತೀವಿ; ತೆಳು ತಗಡಿಗೆ ಸಣ್ಣ ತೂತಿಂದು, ದಪ್ಪ ಕಬ್ಬಿಣಕ್ಕೆ ದೊಡ್ಡ ತೂತಿಂದು. ವಿದ್ಯೆ ಅಂದರೆ ಇಷ್ಟೇ. ಇಷ್ಟರಲ್ಲೇ ನಾನು ಇವತ್ತಿಗೂ ನಗೆಪಾಟಲಾಗುತ್ತಲೇ ಇದ್ದೀನಿ.

ಕಿಂಡಿ

ಅಂಗಡಿ ಇಟ್ಟ ಹೊಸದು. ಎದುರಿನ ಟೀ ಅಂಗಡಿ ಅಕ್ಕ ತಗಡಿನ ಒಲೆ ತಂದರು. ತೆಂಗಿನ ಕರಟ ಹಾಕೋಕೆ ಅಂಗೈಯಗಲ ಕಿಂಡಿ ಬೇಕಿತ್ತು. ಜೋರು ತೋರಿಸೋಣ ಅಂತ ದೊಡ್ಡ ನಾಜಲ್ಲೇ ಹಾಕಿದೆ. ತಗಡು ಬೆಣ್ಣೆ ಥರ ಕರಗಿ, ಅಂಗೈಯಗಲ ಹೋಗಿ ಮೊರದಗಲ ಆಯ್ತು.

ಅಕ್ಕ ಬಗ್ಗಿ ನೋಡಿದರು. ಬೈಯಲಿಲ್ಲ.

"ಕಿಂಡಿ ಕೇಳಿದ್ರೆ ಬಾಗ್ಲು ಇಟ್ಟಿದ್ದೀಯಲ್ಲಪ್ಪ. ಹೊಸ್ತಿಲಿಗೆ ಅರಿಶಿನ ಕುಂಕುಮ ನಾನೇ ಹಚ್ಕೊಳ್ಳಾ?"

ಬೆಂತಾ?

ಆಮೇಲೆ ನನಗೆ ದೊಡ್ಡ ನಾಜಲ್ಲು ಅಂದರೇ ಭಯ. ಹಾಲ್ಕುರಿಕೆಯ ರೈತರೊಬ್ಬರು ಎರಡು ಬೆರಳು ದಪ್ಪದ ಕಬ್ಬಿಣ ತಂದಾಗಲೂ ಸಣ್ಣದನ್ನೇ ಹಾಕಿದೆ. ಕಬ್ಬಿಣ ಕೆಂಪಾಯ್ತು, ತುಂಡಾಗಲಿಲ್ಲ. ಮುಂದೆ ಸೀಳಿದ್ದು ಹಿಂದೆ ಅಂಟಿಕೊಳ್ಳೋದು. ಅವರು ಎಲೆ ಅಡಿಕೆ ಹಾಕಿ, ಉಗಿದು, ಮತ್ತೆ ಬಂದು ಪಕ್ಕ ಕೂತರು.

"ಕುಯ್ತಿದ್ದೀಯೋ, ಬೇಯಿಸ್ತಿದ್ದೀಯೋ?"

"ಇನ್ನೊಂದ್ ಸ್ವಲ್ಪ ಯಜಮಾನ್ರೆ."

"ನಿಧಾನಕ್ಕೆ ಮಾಡು. ಉಪ್ಪು ಹಾಕಿದೀಯಾ?"

ಕರು

ಕೆಂಕೆರೆ ಕಡೆ ತೋಟದ ಮನೆಯಿಂದ ಫೋನು. ಕರು ಕಿಟಕಿ ಸರಳಿನೊಳಗೆ ತಲೆ ತೂರಿಸಿ ಸಿಕ್ಕಾಕಿಕೊಂಡಿತ್ತು. ಸಿಲಿಂಡರ್ ಹೇರಿಕೊಂಡು ಓಡಿದೆ. ಮನೆಯಾಕೆ ಅದರ ಕತ್ತು ತಬ್ಬಿಕೊಂಡು ಅಳುತ್ತಾ ಕೂತಿದ್ದರು.

"ಸಣ್ಣ ಬೆಂಕಿ ಹಾಕು ಕಣಪ್ಪ. ಕೂಸಿಗೆ ಕಾವು ತಾಕಬಾರ್ದು."

ಕರುವಿನ ಕತ್ತಿಗೆ ಒದ್ದೆ ಗೋಣಿ ಸುತ್ತಿದೆವು. ಇರೋದರಲ್ಲಿ ಸಣ್ಣ ನಾಜಲ್ಲು ಹುಡುಕಿ ತಿರುಗಿಸುತ್ತಿದ್ದೆ, ಅಷ್ಟರಲ್ಲಿ ಕೊಟ್ಟಿಗೆಯಿಂದ ತಾಯಿ ಹಸು "ಅಂಬಾ" ಅಂತು. ಕರು ಕತ್ತು ಓರೆ ಮಾಡಿ, ಸರಕ್ಕನೆ ಹೊರಗೆ ಬಂದು ಓಡಿಹೋಯ್ತು. ಆಕೆ ಅತ್ತೂ ನಕ್ಕೂ ಸುಸ್ತಾದರು.

ಪಕ್ಕದಲ್ಲಿ ನಿಂತಿದ್ದ ಆಕೆಯ ಯಜಮಾನರಿಗೆ ಮಾತ್ರ ಸಮಾಧಾನ ಇಲ್ಲ. "ಅಲ್ಲಾ, ಅದು ಒಳಗೆ ಹೆಂಗೆ ಹೋಯ್ತು ಅಂತೀನಿ" ಅನ್ನುತ್ತಾ ಸರಳಿನ ಮಧ್ಯೆ ತಮ್ಮ ತಲೆ ತೂರಿಸಿದರು.

ತಲೆ ಹೋಯ್ತು. ವಾಪಸ್ ಬರಲಿಲ್ಲ. ಕಿವಿ ಅಡ್ಡ.

ನಾನು ಮತ್ತೆ ನಾಜಲ್ಲಿನ ಪೆಟ್ಟಿಗೆ ತೆಗೆದೆ. ಆಕೆ ಗಂಡನ ಕೆನ್ನೆ ಸವರಿ, "ಹೆದರ್ಕೋಬೇಡಿ, ನಾನಿದ್ದೀನಿ" ಅಂದರು. ಆಮೇಲೆ ನನ್ನ ಹತ್ತಿರ ಬಂದು, ಅವರಿಗೆ ಕೇಳಿಸದ ಹಾಗೆ ಪಿಸುಗುಟ್ಟಿದರು:

"ಈಗ ದೊಡ್ಡದೇ ಹಾಕಪ್ಪ. ಇವರ ತಲೆ ಬಲು ದಪ್ಪ."