ನಡುಮನೆಯಲ್ಲಿ ಮೂರು ತರಗತಿ

ಮದುವೆ ಮನೆಯಲ್ಲಿ ಊಟ ಮುಗಿಸಿ, ಎಲೆ ಅಡಿಕೆ ಹಾಕಿಕೊಂಡು ಕೂತ ಹೊತ್ತಿನಲ್ಲಿ ಆಡಿದ ಮಾತುಗಳಿಗೆ ಯಾರೂ ಜವಾಬ್ದಾರರಲ್ಲ ಎಂದು ಒಂದು ಕಾನೂನು ಬರಬೇಕು. ಹೊಟ್ಟೆ ತುಂಬಿರುತ್ತದೆ, ಒಳ್ಳೆಯ ಸೀರೆ ಉಟ್ಟಿರುತ್ತೇವೆ, ಕೇಳುವುದಕ್ಕೆ ಎದುರಿಗೆ ಜನ ಇರುತ್ತಾರೆ. ಇಂಥ ಸಮಯದಲ್ಲಿ ಎಂಥ ಮಿತಭಾಷಿಯೂ ಎರಡು ಮಾತು ಹೆಚ್ಚು ಆಡುತ್ತಾಳೆ. ನಾನಂತೂ ಮಿತಭಾಷಿ ಎಂದು ನನ್ನ ತಾಯಿ ಕೂಡ ಹೇಳಿದವರಲ್ಲ. ತಿಪಟೂರಿನ ಒಂದು ಛತ್ರದಲ್ಲಿ ನನ್ನ ವಾರಗಿತ್ತಿ ಶಶಿಕಲಾ ತನ್ನ ಮಗನ ಹೊಸ ಶಾಲೆಯ ಈಜುಕೊಳವನ್ನು ವರ್ಣಿಸುತ್ತಿದ್ದಳು. ನೀರಿನ ಬಣ್ಣದವರೆಗೆ ನಾನು ಸಹಿಸಿಕೊಂಡೆ. ಮೈ ಒರೆಸಿಕೊಳ್ಳುವ ಟವೆಲ್ಲಿನ ಬಣ್ಣಕ್ಕೆ ಬಂದಾಗ ತಡೆಯಲಾಗಲಿಲ್ಲ. "ಅಯ್ಯೋ ಬುಡು ಶಶಿ, ಸ್ಕೂಲಲ್ಲಿ ಅದೇನು ಕಲೀತಾವೆ? ನಾನು ಮನಸ್ಸು ಮಾಡಿದ್ರೆ ನಮ್ಮ ಮೂರನ್ನೂ ಮನೇಲೇ ಕೂರಿಸ್ಕೊಂಡು ಅದಕ್ಕಿಂತ ಚೆನ್ನಾಗಿ ಓದಿಸ್ತೀನಿ" ಅಂದುಬಿಟ್ಟೆ. ಅವಳು ವಾದ ಮಾಡಿದ್ದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು. ಅವಳು ಸುಮ್ಮನೆ ನಕ್ಕು, "ಹಂಗಾದ್ರೆ ಓದ್ಸಕ್ಕ, ನೋಡಾಣ" ಎಂದಳು. ನಾವು ಬಸ್ಸಿಳಿದು ಮನೆ ಸೇರುವ ಮೊದಲೇ ಸುದ್ದಿ ಫೋನಿನಲ್ಲಿ ಬಂದು ನಮ್ಮ ಜಗಲಿಯ ಮೇಲೆ ಕೂತಿತ್ತು.

ನನ್ನ ಯೋಗ್ಯತೆಯನ್ನೂ ಹೇಳಿಬಿಡುತ್ತೇನೆ. ನಾನು ಬಿ.ಎಡ್. ಮಾಡಿದವಳು. ಆ ಪ್ರಮಾಣಪತ್ರ ಬೀರುವಿನಲ್ಲಿ ರೇಷ್ಮೆ ಸೀರೆಗಳ ಕೆಳಗೆ ಇದೆ; ನುಸಿಗುಳಿಗೆ ಎರಡಕ್ಕೂ ಸೇರಿ ಒಂದೇ. ಮದುವೆಯಾದ ಹೊಸದರಲ್ಲಿ ಸ್ವಲ್ಪ ಕಾಲ ಒಂದು ಖಾಸಗಿ ಶಾಲೆಯಲ್ಲಿ ಪಾಠ ಮಾಡಿದ್ದೆ. ಮಕ್ಕಳಾದ ಮೇಲೆ ಬಿಟ್ಟೆ. ಆದರೆ ಇದೆಲ್ಲ ಬರೀ ಜಂಭದ ಕಥೆ ಎಂದರೆ ನನಗೆ ನಾನೇ ಅನ್ಯಾಯ ಮಾಡಿಕೊಂಡ ಹಾಗಾಗುತ್ತದೆ. ನಮ್ಮದು ದಂಡಿನಶಿವರದ ಕಡೆ ತೋಟದ ಮನೆ. ಶಾಲೆಯ ವ್ಯಾನು ಬೆಳಗಿನ ಜಾವವೇ ಬಂದು ಹಾರನ್ ಬಾರಿಸುತ್ತಿತ್ತು. ಅರ್ಧ ನಿದ್ದೆಯ ಮಕ್ಕಳನ್ನು ಅದರೊಳಗೆ ತುಂಬಿದರೆ, ಅದು ಸುತ್ತಲ ಹಳ್ಳಿಗಳನ್ನೆಲ್ಲ ಸುತ್ತಿ, ದೀಪ ಹಚ್ಚುವ ಹೊತ್ತಿಗೆ ಹಸಿದು ಸಿಡಿಮಿಡಿಗುಟ್ಟುವ ಮೂರು ಜೀವಗಳನ್ನು ವಾಪಸು ತಂದು ಸುರಿಯುತ್ತಿತ್ತು. ಹೆತ್ತವಳು ನಾನು, ಅವರು ನಗುತ್ತ ಹರಟುವ ಹೊತ್ತೆಲ್ಲ ವ್ಯಾನಿನ ಡ್ರೈವರಿಗೆ. ನನಗೆ ಮಕ್ಕಳು ಬೇಕಿತ್ತು. ಹಗಲು ಹೊತ್ತು, ಎಚ್ಚರವಾಗಿರುವಾಗ ಬೇಕಿತ್ತು. ಇದನ್ನು ಯಾರಿಗೂ ಹೇಳಲಿಲ್ಲ, ಯಾಕೆಂದರೆ "ಶಿಕ್ಷಣ ಪದ್ಧತಿ ಸರಿಯಿಲ್ಲ" ಅನ್ನುವುದು ಕೇಳುವುದಕ್ಕೆ ಹೆಚ್ಚು ತೂಕವಾಗಿರುತ್ತದೆ.

ನಮ್ಮ ಯಜಮಾನರಿಗೆ ತಿಪಟೂರಿನಲ್ಲಿ ಕೊಬ್ಬರಿ ಮಂಡಿ. ಮಾರುಕಟ್ಟೆ ಏರಿದ ದಿನ ಅವರು ಯಾವುದಕ್ಕೂ ಹೂಂ ಅನ್ನುತ್ತಾರೆ. ನಾನು ಅಂಥ ದಿನ ನೋಡಿಯೇ ವಿಷಯ ಎತ್ತಿದೆ. ಹೂಂ ಅಂದರು. ಕಷ್ಟವಿದ್ದದ್ದು ಮಾವನವರ ಹತ್ತಿರ. ಅವರು ಹುಟ್ಟಿನಿಂದ ತೋಟಗಾರರು, ಮಾತು ಕಡಿಮೆ, ತೀರ್ಪು ಜಾಸ್ತಿ. ನಮ್ಮ ಸೀಮೆಯ ಮನೆಗಳಲ್ಲಿ ಬಲಿತ ಕಾಯಿಯನ್ನು ಅಟ್ಟಕ್ಕೆ ಹಾಕಿ ಹೆಚ್ಚುಕಮ್ಮಿ ಒಂದು ವರ್ಷ ಬಿಡುತ್ತೇವೆ. ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು ಉಂಡೆಯಾಗುತ್ತದೆ. ಅದಕ್ಕೆ ಗಿಟುಕು ಎನ್ನುತ್ತೇವೆ. ಆಗಿದೆಯೋ ಇಲ್ಲವೋ ನೋಡಲು ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. ಮಾವನವರು ಪ್ರಪಂಚವನ್ನೆಲ್ಲ ಹೀಗೆಯೇ ಅಲ್ಲಾಡಿಸಿ ನೋಡುವವರು. "ಒಂದ್ ವರ್ಸ ಮಡಿಕ್ಕೊ ಕಣವ್ವ. ಕಾಯಿಗೂ ಒಂದ್ ವರ್ಸ ಬೇಕು. ಯುಗಾದಿ ಕಳೀಲಿ, ನಾನೇ ಕೂತು ನೋಡ್ತೀನಿ. ಗಿಟುಕಾಗಿದ್ರೆ ಸರಿ, ಇಲ್ದಿದ್ರೆ ಮೂರೂ ಮತ್ತೆ ವ್ಯಾನಿಗೆ" ಎಂದರು.

ಬೇಸಿಗೆ ರಜದಲ್ಲಿ ನಾನು ವರ್ಷದ ಯೋಜನೆಗೆ ಕೂತೆ. ಹಿರಿಯವಳು ಚೈತ್ರ ಎಂಟನೇ ತರಗತಿಗೆ, ನಡುವಿನವನು ಮನು ಐದಕ್ಕೆ, ಕಡೆಯವಳು ಪುಟ್ಟಿ ಎರಡಕ್ಕೆ. ದೊಡ್ಡ ಚಾರ್ಟ್ ಹಾಳೆ ತಂದು, ಮೂರು ಕಂಬ ಗೆರೆ ಎಳೆದು, ಒಬ್ಬೊಬ್ಬರಿಗೆ ಒಂದೊಂದು ಬಣ್ಣದ ಸ್ಕೆಚ್ ಪೆನ್ನು ಹಂಚಿದೆ. ಬೀಜಗಣಿತ, ಭಿನ್ನರಾಶಿ, ಮಗ್ಗಿ. ವ್ಯಾಕರಣ, ಉಕ್ತಲೇಖನ, ಕಾಗುಣಿತ. ಗ್ರಹಗತಿ ಬರೆಯುವ ಜೋಯಿಸರಿಗೂ ಅಷ್ಟು ಗಾಂಭೀರ್ಯ ಇರಲಿಕ್ಕಿಲ್ಲ. ನಡುಮನೆಯ ಗೋಡೆಗೆ, ಸರಿಯಾಗಿ ಅಟ್ಟದ ಏಣಿಯ ಪಕ್ಕ, ಅಂಟಿಸಿ ಎರಡು ಹೆಜ್ಜೆ ಹಿಂದೆ ಸರಿದು ನೋಡಿದಾಗ ನನ್ನ ಕಣ್ಣಿನಲ್ಲಿ ನೀರೇ ಬಂತು. ಯಜಮಾನರು ಸಂಜೆ ಬಂದವರು ಕಾಫಿ ಲೋಟ ಹಿಡಿದುಕೊಂಡೇ ಅದರ ಮುಂದೆ ನಿಂತರು. "ಚೆನ್ನಾಗೈತೆ ಕಣೇ. ಆದ್ರೆ ಬೆಳಿಗ್ಗೆ ತಿಂಡಿ ಆದ್ಮೇಲೆ ಚೈತ್ರಂಗೂ ಅಮ್ಮ, ಮನೂಗೂ ಅಮ್ಮ, ಪುಟ್ಟೀಗೂ ಅಮ್ಮ ಅಂತ ಬರ್ದಿದ್ದೀಯ. ಅಷ್ಟೊಂದ್ ಜನ ಇದ್ದೀರ ಅಂದ್ರೆ ಒಬ್ಳನ್ನ ಮಂಡಿಗೆ ಕಳ್ಸು, ಅಲ್ಲಿ ಆಳಿಲ್ಲ." ನಾನು ಚಾರ್ಟು ಕಿತ್ತೆ. ಗೋಡೆಯ ಸುಣ್ಣವೂ ಜೊತೆಗೆ ಬಂತು.

ಆಗ ಹೊಳೆದದ್ದೇ ನನ್ನ ಜೀವನದ ದೊಡ್ಡ ಐಡಿಯಾ. ಮೂವರಿಗೂ ಮೂರು ಪಾಠ ಯಾಕೆ? ಒಂದೇ ವಿಷಯ ಇಟ್ಟುಕೊಂಡು ಅವರವರ ಮಟ್ಟಕ್ಕೆ ತಕ್ಕಂತೆ ಕಲಿಸಿದರಾಯಿತು. ಯಾವ ವಿಷಯ? ಬಾಗಿಲು ತೆಗೆದರೆ ಕಾಣುವುದು ಯಾವುದು? ತೆಂಗು! ಪುಟ್ಟಿ ಕಾಯಿ ಎಣಿಸಲಿ, ಮನು ತೋಟದ ವಿಸ್ತೀರ್ಣ ಕಟ್ಟಲಿ, ಚೈತ್ರ ಬೇರಿನಿಂದ ಸುಳಿಯವರೆಗೆ ನೀರು ಹೇಗೆ ಹತ್ತುತ್ತದೆ ಎಂದು ಬರೆಯಲಿ. ಕನ್ನಡಕ್ಕೆ ತೆಂಗಿನ ಮರದ ಆತ್ಮಕಥೆ, ಇಂಗ್ಲಿಷಿಗೆ ಅದೇ ಮರದ ಆತ್ಮಕಥೆ, ಸಮಾಜಕ್ಕೆ ತಿಪಟೂರು ಮಾರುಕಟ್ಟೆ, ಚಿತ್ರಕಲೆಗೆ ಗರಿ, ಕ್ರಾಫ್ಟಿಗೆ ಚಿಪ್ಪು. ಇಡೀ ವರ್ಷವನ್ನು ಒಂದು ಮರಕ್ಕೆ ಕಟ್ಟಿಹಾಕಿದೆ. ಬೇರೆ ಊರಿನ ತಾಯಿಯಾಗಿದ್ದರೆ ಇದು ಫಲಿಸುತ್ತಿತ್ತೋ ಏನೋ. ಆದರೆ ಈ ಮಕ್ಕಳು ಹುಟ್ಟಿದಾಗಿನಿಂದ ಕಾಯಿಯ ಮೇಲೆ ಎಡವಿ, ಮಟ್ಟೆಯ ಮೇಲೆ ಕೂತು, ಗರಿಯ ಕೆಳಗೆ ಮಲಗಿ ಬೆಳೆದವರು. ಒಂದು ಬೆಳಿಗ್ಗೆ ಮನು ತಟ್ಟೆಯ ಮುಂದೆ ಕೈಕಟ್ಟಿ ಕೂತುಬಿಟ್ಟ. "ದೋಸೆಗೆ ಕಾಯಿ ಚಟ್ನಿ, ಸಾರಿಗೆ ಕಾಯಿ ರುಬ್ಬಿದ್ದು, ತಲೆಗೆ ಕೊಬ್ಬರಿ ಎಣ್ಣೆ, ಇವಾಗ ಲೆಕ್ಕಕ್ಕೂ ಕಾಯಿ. ನಂಗೆ ಮಾವಿನಹಣ್ಣಿನ ಲೆಕ್ಕ ಕೊಡಮ್ಮ, ಸ್ಕೂಲಲ್ಲಿ ಕೊಡ್ತಿದ್ರು" ಎಂದ. ಪುಟ್ಟಿ ಆನೆಯ ಬಗ್ಗೆ ಬರೆಯುತ್ತೇನೆಂದು ಹಟ ಹಿಡಿದಳು. ಚೈತ್ರ ತನ್ನ ತೆಂಗಿನ ಮರದ ಆತ್ಮಕಥೆಯ ಕೊನೆಯಲ್ಲಿ ಆ ಮರಕ್ಕೆ ಸಿಡಿಲು ಹೊಡೆಸಿದ್ದಳು.

ಹಾಗೆ ತೆಂಗು ಉರುಳಿತು. ಆಮೇಲೆ ಆಷಾಢಕ್ಕೊಂದು ಯೋಜನೆ, ಶ್ರಾವಣಕ್ಕೊಂದು, ದಸರಾ ಕಳೆದ ಮೇಲೆ ಇನ್ನೊಂದು. ಯೋಜನೆ ಹಾಕುವುದರಲ್ಲಿ ಒಂದು ಸುಖವಿದೆ, ಅನುಭವಿಸಿದವರಿಗೇ ಗೊತ್ತು. ಹಾಳೆಯ ಮೇಲೆ ಎಲ್ಲ ಮಕ್ಕಳೂ ಸರಿಯಾದ ಹೊತ್ತಿಗೆ ಏಳುತ್ತಾರೆ, ನೆಂಟರು ಬರುವುದಿಲ್ಲ, ಕಾಯಿ ಕೀಳುವವರು ಪಾಠದ ನಡುವೆ ಬಂದು "ಅಕ್ಕೋ, ನೀರು ಕೊಡ್ರವ್ವ" ಅನ್ನುವುದಿಲ್ಲ, ಅಟ್ಟದ ಮೇಲೆ ಇಲಿ ಕಾಯಿ ಉರುಳಿಸುವುದಿಲ್ಲ. ಮನೆಯಲ್ಲೇ ಮಕ್ಕಳನ್ನು ಓದಿಸುವ ತಾಯಂದಿರ ಒಂದು ಗುಂಪಿಗೂ ಫೋನಿನಲ್ಲಿ ಸೇರಿಕೊಂಡೆ. ಅವರ ಮನೆಯ ಮಕ್ಕಳು ಬಿಳಿ ಮೇಜಿನ ಮುಂದೆ ಕೂತು ಸೂಕ್ಷ್ಮದರ್ಶಕದಲ್ಲಿ ಈರುಳ್ಳಿ ಸಿಪ್ಪೆ ನೋಡುತ್ತಿದ್ದವು. ಫೋಟೋ ನೋಡಿದಾಗಲೆಲ್ಲ ನಾನು ಹಳೆಯ ಚಾರ್ಟು ಹರಿದು ಹೊಸದು ಬರೆಯಲು ಓಡುತ್ತಿದ್ದೆ. ಓಡುವಾಗ ಹಿರಿಯವಳಿಗೆ ಒಂದು ಮಾತು ಹೇಳಿ ಹೋಗುತ್ತಿದ್ದೆ: "ಚೈತ್ರಾ, ಒಂದು ನಿಮಿಷ ಇವರಿಬ್ಬರನ್ನ ನೋಡ್ಕೊಳೇ." ಒಲೆಯ ಮೇಲೆ ಹಾಲಿದ್ದರೂ ಇದೇ ಮಾತು, ಬಾಗಿಲಿಗೆ ಯಾರಾದರೂ ಬಂದರೂ ಇದೇ ಮಾತು. ಅವಳು ಹೂಂ ಅನ್ನುತ್ತಿದ್ದಳು. ಒಳಗಿನಿಂದ ಮಗ್ಗಿಯ ರಾಗ ಕೇಳಿಸುತ್ತಿತ್ತು, ನಗು ಕೇಳಿಸುತ್ತಿತ್ತು. ನನ್ನ ಮಕ್ಕಳು ಹಗಲು ಹೊತ್ತು ನನ್ನ ಮನೆಯಲ್ಲೇ ನಗುತ್ತಿದ್ದಾರೆಂದು ನಾನು ಅಡುಗೆಮನೆಯಲ್ಲಿ ನಿಂತು ಹಿಗ್ಗುತ್ತಿದ್ದೆ. ಶಶಿಕಲಾಗೆ ಫೋನು ಮಾಡಿ, "ಪದ್ಧತಿ ಕೂತ್ಕೊಂಡುಬಿಡ್ತು ಕಣೇ" ಎಂದೂ ಹೇಳಿದೆ.

ಯುಗಾದಿ ಕಳೆಯಿತು. ಮಾವನವರು ಮಾತು ಮರೆಯುವವರಲ್ಲ. ಒಂದು ಬೆಳಿಗ್ಗೆ ಬಿಳಿ ಪಂಚೆ ಉಟ್ಟು, ವಿಭೂತಿ ಧರಿಸಿ, ಕನ್ನಡಕ ಏರಿಸಿಕೊಂಡು, ನಡುಮನೆಯಲ್ಲಿ ಕುರ್ಚಿ ಹಾಕಿಸಿಕೊಂಡು ಕೂತರು. ತೊಡೆಯ ಮೇಲೆ ಮೂರು ತರಗತಿಯ ಪಠ್ಯಪುಸ್ತಕ. ಯಜಮಾನರು ಆ ದಿನ ಮಂಡಿಗೆ ತಡವಾಗಿ ಹೋದರು, ತಮಾಷೆ ನೋಡಲು. ನಾನು ಬಾಗಿಲ ಹಿಂದೆ ಸೆರಗಿನ ತುದಿ ಹಿಂಡುತ್ತ ನಿಂತೆ. ಸೋತರೆ ಬೆಳಗಿನ ಜಾವದ ಹಾರನ್ನು, ಇಡೀ ದಿನ ಖಾಲಿ ನಡುಮನೆ.

ಮೊದಲು ಚೈತ್ರ. ಮಾವನವರು ಎಂಟನೇ ತರಗತಿಯ ವಿಜ್ಞಾನ ತೆರೆದು, "ಘರ್ಷಣೆ ಅಂದ್ರೇನು, ಹೇಳವ್ವ" ಎಂದರು. ಚೈತ್ರ ಮೇಲೆ ನೋಡಿದಳು, ಕೆಳಗೆ ನೋಡಿದಳು. ಮೂಲೆಯಿಂದ ಪುಟ್ಟಿ ಕೂಗಿದಳು, "ನಾನ್ ಹೇಳ್ಲಾ ತಾತ? ಒಂದು ವಸ್ತು ಇನ್ನೊಂದರ ಮೇಲೆ ಜಾರೋವಾಗ ತಡೆಯೋ ಬಲ!" ಅಕ್ಕ ಜೋರಾಗಿ ಓದಿಕೊಳ್ಳುವಾಗ ಪಕ್ಕದಲ್ಲಿ ಬಣ್ಣ ಹಚ್ಚುತ್ತ ಕೂತು ಕೇಳಿಸಿಕೊಂಡದ್ದಂತೆ. ಮಾವನವರು ಪುಟ್ಟಿಯ ಕಡೆ ತಿರುಗಿ, "ಸರಿ, ನೀನು ಮೂರರ ಮಗ್ಗಿ ಹೇಳು" ಎಂದರು. ಪುಟ್ಟಿ ನಿರಾಳವಾಗಿ, "ಅದು ಅಕ್ಕಂಗೆ ಬರುತ್ತೆ" ಎಂದಳು. ಚೈತ್ರ ತನಗೇ ತಿಳಿಯದೆ ತಲೆದೂಗುತ್ತ ರಾಗವಾಗಿ ಶುರು ಮಾಡಿ ಮೂರರದ್ದೂ ನಾಲ್ಕರದ್ದೂ ಮುಗಿಸಿಬಿಟ್ಟಳು. ಮನುವಿಗೆ ಭಿನ್ನರಾಶಿ ಕೇಳಿದರೆ ಅವನು ಪುಟ್ಟಿಯ ಪುಸ್ತಕದ ಪದ್ಯವನ್ನು ಅಭಿನಯದ ಸಮೇತ ಒಪ್ಪಿಸಿ, ಉಸಿರು ತೆಗೆದುಕೊಂಡು, ಅಕ್ಕನ ಬೀಜಗಣಿತದ ಒಂದು ಸೂತ್ರವನ್ನೂ ಹೇಳಿದ. ಭಿನ್ನರಾಶಿ ಮಾತ್ರ ಹೇಳಲಿಲ್ಲ. ಯಜಮಾನರು ಟವೆಲ್ಲನ್ನು ಬಾಯಿಗೆ ಅಡ್ಡ ಹಿಡಿದುಕೊಂಡು ಜಗಲಿಗೆ ಎದ್ದು ಹೋದರು.

ಮಾವನವರು ಮೊಮ್ಮಗನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು, ಕಿವಿ ಹತ್ತಿರ ತಂದುಕೊಂಡು, ಮೆಲ್ಲಗೆ ಅಲ್ಲಾಡಿಸಿದರು. ಆಮೇಲೆ ಬಾಗಿಲ ಕಡೆ ನೋಡಿ, "ಗಿಟುಕೇನೋ ಆಗವೆ ಕಣವ್ವ, ಸುಳ್ಳು ಹೇಳ್ಬಾರ್ದು. ಆದ್ರೆ ಯಾವ ಚಿಪ್ಪೊಳಗೆ ಯಾರ ಗಿಟುಕು ಸೇರ್ಕೊಂಡೈತೋ ಅದು ತಿಳೀತಿಲ್ಲ" ಎಂದರು. ನನಗೆ ನಗು ಬರಬೇಕಿತ್ತು. ಬರಲಿಲ್ಲ. ಚೈತ್ರ ತಲೆ ತಗ್ಗಿಸಿ ತನ್ನ ವಿಜ್ಞಾನ ಪುಸ್ತಕದ ಮೂಲೆ ಮಡಚುತ್ತಿದ್ದಳು. ನನ್ನ ಆ ಒಂದೊಂದು ನಿಮಿಷಗಳೆಲ್ಲ ಸೇರಿ ಅವಳ ವರ್ಷವನ್ನು ನುಂಗಿದ್ದವು ಎಂದು ಆಗ ಹೊಳೆಯಿತು.

"ನೀವೇ ಹೇಳ್ರಪ್ಪ, ಸ್ಕೂಲಿಗೆ ಹೋಯ್ತೀರೋ, ಮನೇಲಿರ್ತೀರೋ?" ಎಂದು ಮಾವನವರು ಕೇಳಿದರು. ಚೈತ್ರ ನನ್ನ ಮುಖ ನೋಡದೆ, "ನಾನು ಹೋಗ್ತೀನಿ ತಾತ. ಅಲ್ಲಾದ್ರೆ ನಂಗೆ ಒಂದೇ ಕ್ಲಾಸು" ಎಂದಳು. ನಾನು ಮನುವಿನ ಕಡೆ ಆಸೆಯಿಂದ ನೋಡಿದೆ. ಅವನು ಒಂದು ಕ್ಷಣವೂ ಯೋಚಿಸಲಿಲ್ಲ. "ಅಕ್ಕ ಹೋದ್ರೆ ನಾನೂ ಹೋಗ್ತೀನಿ. ಆಮೇಲೆ ಇಲ್ಲಿ ಪಾಠ ಮಾಡೋರು ಯಾರಿದ್ದಾರೆ?" ಗೋಡೆಯ ಮೇಲೆ ಇತ್ತೀಚಿನ ಚಾರ್ಟಿತ್ತು. ಮೂರೂ ಕಂಬದಲ್ಲಿ, ಎಲ್ಲ ಚೌಕಗಳಲ್ಲೂ, ದಪ್ಪ ಅಕ್ಷರದಲ್ಲಿ ಅಮ್ಮ, ಅಮ್ಮ, ಅಮ್ಮ ಎಂದು ಬರೆದಿತ್ತು. ಅದನ್ನು ಆ ಹುಡುಗ ಒಂದು ಸಲವೂ ಓದಿದಂತೆ ಕಾಣಲಿಲ್ಲ. ಕೊನೆಗೆ ಪುಟ್ಟಿ ಎದ್ದು ಬಂದು ನನ್ನ ಸೆರಗು ಹಿಡಿದುಕೊಂಡಳು. "ನಾನು ಇಲ್ಲೇ ಇರ್ತೀನಿ. ಅಮ್ಮ ಒಬ್ಳೇ ಆಗ್ತಾಳೆ." ಮಾವನವರು ಕನ್ನಡಕ ತೆಗೆದು, "ಸರಿ, ಇದೊಂದು ಇನ್ನೂ ಎಳೇದು. ಇನ್ನೊಂದ್ ವರ್ಸ ಅಟ್ಟದ ಮ್ಯಾಲೆ ಇರ್ಲಿ" ಎಂದು ತೀರ್ಪು ಕೊಟ್ಟರು.

ಹಳೆಯ ಶಾಲೆಯವರು ಇಬ್ಬರಿಗೂ ಒಂದು ಪರೀಕ್ಷೆ ಬರೆಸಿ ಸೇರಿಸಿಕೊಂಡರು. ಆ ಬೇಸಿಗೆಯೆಲ್ಲ ನಾನು ಚೈತ್ರಳ ಪಕ್ಕದಲ್ಲಿ ಕೂತು ಬೀಜಗಣಿತ ಕಲಿಸಿದೆ. ಯೋಜನೆ ಏನೂ ಇರಲಿಲ್ಲ, ಆದ್ದರಿಂದಲೋ ಏನೋ ಮುಗಿಯಿತು. ಶಾಲೆ ಶುರುವಾದ ದಿನ ಬೆಳಿಗ್ಗೆ ವ್ಯಾನು ಬಂದು ಹಾರನ್ ಬಾರಿಸಿತು. ಮನು ಹತ್ತಿದ. ಚೈತ್ರ ಒಂದು ಕಾಲು ಮೆಟ್ಟಿಲ ಮೇಲಿಟ್ಟವಳು ಏನೋ ನೆನಪಾದಂತೆ ತಿರುಗಿದಳು. ನನಗೆ ಏನೋ ಹೇಳುತ್ತಾಳೆಂದು ಕಣ್ಣು ತುಂಬಿಕೊಂಡು ಮುಂದೆ ಬಾಗಿದೆ. ಅವಳು ನನ್ನ ಪಕ್ಕದಲ್ಲಿ ನಿಂತಿದ್ದ ತಂಗಿಗೆ ಕೂಗಿ ಹೇಳಿದಳು: "ಪುಟ್ಟೀ, ಒಂದು ನಿಮಿಷ ಅಮ್ಮನ್ನ ನೋಡ್ಕೊಳೇ!"

ವ್ಯಾನು ಹೋಯಿತು. ನಾನು ಒಳಗೆ ಬಂದು ಹೊಸ ಚಾರ್ಟ್ ಹಾಳೆ ಬಿಚ್ಚಿದೆ. ಈ ಸಲ ಒಂದೇ ಕಂಬ, ತಪ್ಪುವುದಕ್ಕೇ ಸಾಧ್ಯವಿಲ್ಲ. ಪುಟ್ಟಿ ಬಂದವಳು ಹಾಳೆಯನ್ನು ಸುತ್ತಿ ಬೀರುವಿನ ಮೇಲಕ್ಕೆ ಎಸೆದು, ನನ್ನ ಕೈಯಿಂದ ಸ್ಕೆಚ್ ಪೆನ್ನು ತೆಗೆದುಕೊಂಡು, ಥೇಟು ಅವಳಕ್ಕನ ದನಿಯಲ್ಲಿ, "ಚಕ್ಕಳಮಕ್ಕಳ ಹಾಕ್ಕೊಂಡು ಕೂತ್ಕೊಳಮ್ಮ. ಅತ್ಲಾಗಿತ್ಲಾಗೆ ನೋಡ್ಬಾರ್ದು" ಎಂದಳು. ಬಿ.ಎಡ್. ಮಾಡಿದವಳು ನಾನು, ಕೂತುಕೊಂಡೆ.