ಕೆರೆ ನೀರಿಗೆ ಮೀನಿನ ಸರ್ಟಿಫಿಕೇಟು

ನಾನು ಮಧುಗಿರಿಯ ಕಚೇರಿಯೊಂದರಲ್ಲಿ ನೀರು ಪರೀಕ್ಷೆ ಮಾಡುವವನು. ಕೆರೆಗೆ ಬಲೆಯ ಪಂಜರ ಇಳಿಸಿ, ಒಳಗೆ ಮೀನು ಬಿಡುತ್ತೇವೆ. ಕೆಲವು ದಿನ ಲವಲವಿಕೆಯಿಂದ ಓಡಾಡಿದರೆ ನೀರು ಪಾಸು. ಒದ್ದಾಡಿದರೆ, ಸತ್ತರೆ ಫೇಲು. ಮೀನಿನಿಂದ ನನಗೆ ಎಂದೂ ತೊಂದರೆಯಾಗಿಲ್ಲ. ತೊಂದರೆಯೆಲ್ಲ ದಡದ ಮೇಲಿರುವವರಿಂದ, ಅದೂ ಪ್ರತಿ ಸಲ.

ಶಿರಾದ ಅಂಗಡಿ

ಮೀನು ಕೊಳ್ಳಲು ಶಿರಾಕ್ಕೆ ಹೋಗಿದ್ದೆ. ಅಂಗಡಿಯ ಸಾಹೇಬರು ಕತ್ತಿ ಆಡಿಸುತ್ತಲೇ ಕೇಳಿದರು: "ಕಟ್ ಮಾಡ್ಲಾ ಸಾಬ್?"

"ಬೇಡ, ಜೀವಂತ ಬೇಕು."

"ಸಾಕೋಕಾ?"

"ಅಲ್ಲ. ಕೆರೆ ನೀರಲ್ಲಿ ಸಾಯ್ತವಾ ಇಲ್ವಾ ಅಂತ ನೋಡೋಕೆ."

ಕತ್ತಿ ನಿಂತಿತು. "ತೋಬಾ! ತಿನ್ನೋರಿಗೆ ಕೊಡ್ತೀನಿ ಸಾಬ್, ಸುಮ್ನೆ ಸಾಯ್ಸೋರಿಗೆ ಕೊಡಲ್ಲ" ಎಂದು, ಕೈಲಿದ್ದ ಮೀನಿನ ತಲೆ ಕತ್ತರಿಸಿದರು.

ಮಿಡಿಗೇಶಿ ಕಡೆ

ಬೇರೆಲ್ಲೋ ಮೀನು ಹೊಂದಿಸಿಕೊಂಡು ಮಿಡಿಗೇಶಿ ಕಡೆಯ ಕೆರೆಗೆ ಬಿಟ್ಟು ಬಂದೆ. ಮತ್ತೆ ಹೋದಾಗ ಪಂಜರ ತೊಳೆದು ಏರಿಯ ಮೇಲೆ ಒಣಗಲು ಇಟ್ಟಿದ್ದರು. ಅಲ್ಲಿದ್ದ ಹಿರಿಯರೊಬ್ಬರು ಧೈರ್ಯ ಹೇಳಿದರು: "ನೀರು ಚೆನ್ನಾಗದೆ ಅಂತ ಬರ್ಕಳಿ ಸಾ. ಸಾರು ಉಂಡೋರೆಲ್ಲ ಗಟ್ಟಿಮುಟ್ಟಾಗವ್ರೆ."

ಪರೀಕ್ಷೆಯ ವಿಧಾನದಲ್ಲಿ ನನಗೆ ತಪ್ಪು ಹುಡುಕಲಾಗಲಿಲ್ಲ.

ಕೊಳಾಲದ ಹತ್ತಿರ

ಕೊಳಾಲದ ಹತ್ತಿರದ ಆ ಹಳ್ಳಿಯ ನಲ್ಲಿಗಳಿಗೆ ಕೆರೆ ನೀರೇ ಬರುತ್ತದೆ. ಮೀನು ಸತ್ತರೆ ನಲ್ಲಿ ಬಂದ್, ಊರಿಗೆ ಟ್ಯಾಂಕರ್. ಬದುಕಿದರೆ ಮಕ್ಕಳು ಮರಿಯೆಲ್ಲ ಅದನ್ನೇ ಕುಡಿಯಬೇಕು. ನೀರಿನ ಬಣ್ಣ ನೋಡಿಯೇ ನನಗೆ ಭಯವಾಗಿತ್ತು. ಈ ಸಲ ಯಾರ ಸಾರಿಗೂ ಬೀಳದಿರಲಿ ಎಂದು, ಏರಿ ಪಕ್ಕದ ಮನೆಯ ಅಜ್ಜಿಗೆ "ಮೀನು ಜೋಪಾನ" ಎಂದು ಕೈಮುಗಿದು ಬಂದೆ.

ವಾಪಸು ಹೋದರೆ ಪಂಜರ ಖಾಲಿ. ಅಷ್ಟರಲ್ಲಿ ಅಜ್ಜಿ ಅಂಗಳಕ್ಕೆ ಕರೆದಳು. ಡ್ರಮ್ಮಿನ ತುಂಬ ತಿಳಿನೀರು, ಅದರಲ್ಲಿ ನನ್ನ ಮೀನುಗಳು ಆರಾಮಾಗಿ ಈಜುತ್ತಿವೆ.

"ಯಾಕಜ್ಜಿ ಎತ್ಕೊಂಡು ಬಂದೆ?"

"ಜೋಪಾನ ಅಂದ್ಬುಟ್ಟು ಹೋದ್ಯಲ್ಲಪ್ಪ. ಆ ನೀರಲ್ಲಿ ಬಾಯಿ ಬಾಯಿ ಬುಡ್ತಿದ್ವು. ಪಕ್ಕದೂರಿಂದ ಫಿಲ್ಟರ್ ನೀರು ತರ್ಸಿ ಆಕಿವ್ನಿ."

"ಮತ್ತೆ ನೀವು ಕುಡಿಯೋದು?"

"ನಲ್ಲಿ ನೀರೇ ಕಣಪ್ಪ. ನಮ್ಗೆ ಒಗ್ಗೋಗದೆ. ಅವು ಪಾಪ, ಊರಿಗೆ ಹೊಸವು."

ನೀರು ಫೇಲು ಎಂದು ಅಲ್ಲಿಂದಲೇ ಫೋನ್ ಮಾಡಿ ಟ್ಯಾಂಕರ್ ಕಳಿಸಲು ಹೇಳಿದೆ. ಅಜ್ಜಿಗೆ ಖುಷಿಯಾಯಿತು. ಬಿಸಿಲಲ್ಲಿ ಬಂದಿದ್ದೀಯ ಎಂದು ನಲ್ಲಿಯಿಂದ ಚೊಂಬು ತುಂಬಿಸಿ ಮುಂದೆ ಹಿಡಿದಳು.

"ಅಜ್ಜಿ, ನಾನೂ ಊರಿಗೆ ಹೊಸಬನೇ" ಎಂದೆ.

"ಅಯ್ಯೋ, ಹೌದಲ್ವಾ" ಎಂದು ಅಜ್ಜಿ ಆ ನೀರು ಚೆಲ್ಲಿ, ಮೀನುಗಳನ್ನು ಕೈಯಿಂದ ಅತ್ತ ಸರಿಸಿ, ಚೊಂಬನ್ನು ಡ್ರಮ್ಮಿಗೆ ಅದ್ದಿದಳು.