ಅತ್ತೆಯವರ ದೇಹ ಪರೀಕ್ಷೆ

ನೋಡುವುದು, ಮುಟ್ಟುವುದು, ತಟ್ಟುವುದು, ಆಲಿಸುವುದು. ಈ ನಾಲ್ಕು ವಿದ್ಯೆ ಕೈವಶವಾದರೆ ಯಾವ ರೋಗವೂ ನನ್ನಿಂದ ಅಡಗಿ ಕೂರಲಾರದು ಎಂದು ಗಂಡ ಇನ್‌ಹೋನ ಎದುರು ಘೋಷಿಸಿದೆ. ವೈದ್ಯಕೀಯದ ಪ್ರಾಯೋಗಿಕ ಪರೀಕ್ಷೆಯಲ್ಲಿ ಒಮ್ಮೆ ಮುಗ್ಗರಿಸಿದ್ದೆ. ಮುಂದಿನ ವಾರ ಮತ್ತೆ ಮುಗ್ಗರಿಸಿದರೆ ಒಂದು ವರ್ಷ ನೀರಿಗೆ ಹೋದಂತೆ. ಹಾಗಾಗಿ ಅಭ್ಯಾಸಕ್ಕೆ ತುರ್ತಾಗಿ ಒಂದು ದೇಹ ಬೇಕಿತ್ತು!

ಇನ್‌ಹೋನಿಗೆ ಬೆರಳು ತಾಗಿದರೆ ಕಚಗುಳಿ. ಮಾವನವರು ಅಂಗಿ ಬಿಚ್ಚಲು ಒಪ್ಪಲಿಲ್ಲ. ಉಳಿದವರು ಅತ್ತೆ.

ಆದರೆ ಅಂದು ಕೊರಿಯಾದ ನಾಜು ಊರಿನ ನಮ್ಮ ಮನೆಯಲ್ಲಿ ಇಡೀ ಚಳಿಗಾಲಕ್ಕಾಗುವಷ್ಟು ಕಿಮ್ಚಿ, ಅಂದರೆ ಕೋಸಿನ ಖಾರದ ಉಪ್ಪಿನಕಾಯಿ, ಹಾಕುವ ದಿನ. ಉಪ್ಪಿನಲ್ಲಿ ನೆನೆದ ಕೋಸು ಅಂಗಳದಲ್ಲಿ ಗುಡ್ಡದಂತೆ ಬಿದ್ದಿತ್ತು. ಅತ್ತೆ ಮತ್ತು ಪಕ್ಕದ ಮನೆಯ ಮಾಲ್ಸೂನ್ ಎಲೆ ಎಲೆಗೂ ಖಾರ ಹಚ್ಚುತ್ತಿದ್ದರು. ಮಾವ ಒಂದು ತುಂಡು ಬಾಯಿಗೆ ಹಾಕಿಕೊಂಡು "ಉಪ್ಪು ಕಮ್ಮಿ" ಎಂದು ತಮ್ಮ ಪಾಲಿನ ಕೆಲಸ ಮುಗಿಸಿದ್ದರು. ಇನ್‌ಹೋ ಫೋಟೋ ತೆಗೆದಿದ್ದ.

"ಅತ್ತೆ, ಒಂಚೂರು ಮಲಗ್ತೀರಾ?"

"ಯಾಕೆ, ನಾನು ಸತ್ತುಹೋದ್ನಾ?"

"ನನ್ನ ಪರೀಕ್ಷೆಗೆ."

"ಪರೀಕ್ಷೆ ನಿಂಗೆ, ಮಲಗೋದು ನಾನಾ? ಕೋಸು ಯಾರು ನೋಡ್ತಾರೆ ಮಗೂ?"

"ಹೋಗೇ, ಹೋಗು," ಎಂದಳು ಮಾಲ್ಸೂನ್. "ಸೊಸೆ ಡಾಕ್ಟರಾದ್ರೆ ನಮ್ಗೂ ಬಿಟ್ಟಿ ಮದ್ದು!"

ಒಳಗೆ, ಚಳಿಗೆಂದು ಅಡಿಯಿಂದ ಕಾಯಿಸುವ ನೆಲ ಹೆಚ್ಚು ಬಿಸಿಯಾಗುವ ಮೂಲೆಯಲ್ಲಿ ಅತ್ತೆಯನ್ನು ಮಲಗಿಸಿದೆ. ಮೊದಲು ನೋಡುವುದು. ಬೆರಳ ಗೆಣ್ಣುಗಳು ಹಸಿಶುಂಠಿಯಂತೆ ಉಬ್ಬಿದ್ದವು. ಬಲಭುಜ ಎಡಕ್ಕಿಂತ ಇಳಿದಿತ್ತು. ದಿನವೂ ನನಗೆ ಅನ್ನ ಬಡಿಸುವ ಕೈಯನ್ನು ನಾನು ನೋಡಿದ್ದು ಅದೇ ಮೊದಲು.

"ಈ ಗಂಟುಗಳು ಯಾವಾಗಿಂದ?"

"ಅವು ಗಂಟಲ್ಲ ಮಗೂ, ಕೈ."

"ಎಲ್ಲಾದ್ರೂ ನೋವಿದೆಯಾ?"

"ಅಷ್ಟೆಲ್ಲ ಪುರುಸೊತ್ತಿಲ್ಲ."

ನಂತರ ಮುಟ್ಟುವುದು. ಬೆನ್ನಡಿಗೆ ಕೈ ಹಾಕಿದೆ. ಕೆಂಡ! "ಅತ್ತೆ, ನಿಮಗೆ ಜ್ವರ!"

"ನೆಲ ಮುಟ್ಟಿ ನೋಡು."

ನೆಲಕ್ಕೆ ಅವರಿಗಿಂತ ಜೋರು ಜ್ವರವಿತ್ತು.

ಧೃತಿಗೆಡದೆ ಎದೆಯ ಮೇಲೆ ಒಂದು ಬೆರಳಿಟ್ಟು ಇನ್ನೊಂದರಿಂದ ತಟ್ಟತೊಡಗಿದೆ. ಟಕ್, ಟಕ್. ಅತ್ತೆಯ ಕಣ್ಣು ಮುಚ್ಚಿತು. "ಹಿಂಗೇ ತಟ್ತಾ ಇರು," ಎಂದರು. ಆಮೇಲೆ ಸ್ಟೆತೊಸ್ಕೋಪ್ ಇಟ್ಟೆ. "ಉಸಿರು ಎಳೆದು ಬಿಡಿ." ಗರ್ರ್ ಎಂಬ ಭೀಕರ ಸದ್ದು! ಶ್ವಾಸಕೋಶದ ಅಧ್ಯಾಯಗಳನ್ನೆಲ್ಲ ಮನಸ್ಸಿನಲ್ಲೇ ತಿರುವಿ ಹಾಕಿದೆ. ಗಾಬರಿಯಲ್ಲಿ ಕಿವಿಯಿಂದ ಉಪಕರಣ ಕಿತ್ತರೆ ಸದ್ದು ಇನ್ನೂ ಸ್ಪಷ್ಟವಾಗಿ ಕೇಳಿತು. ಗೊರಕೆ.

ಅಷ್ಟರಲ್ಲಿ ಊಟ ಹುಡುಕುತ್ತ ಮಾವ ಬಂದರು. ಹೊಸ್ತಿಲಲ್ಲೇ ಮುಖ ಬಿಳಿಚಿತು.

"ಇವಳಿಗೇನಾಯ್ತು?"

"ಮಲಗಿದಾರೆ ಮಾವ."

"ಹಗಲು ಹೊತ್ತಲ್ಲಿ? ಮದುವೆಯಾದಾಗಿಂದ ಒಂದು ದಿನ ಮಲಗಿದೋಳಲ್ಲ! ಇನ್‌ಹೋ, ಆಂಬುಲೆನ್ಸ್!"

ಇನ್‌ಹೋ ಫೋನು ಕಿವಿಗಿಟ್ಟುಕೊಂಡೇ ಓಡಿಬಂದ. "ಅಪ್ಪಾ, ಲಕ್ಷಣ ಏನು ಅಂತ ಕೇಳ್ತಿದಾರೆ!"

"ಊಟದ ಹೊತ್ತಾದ್ರೂ ಎದ್ದಿಲ್ಲ ಅನ್ನು!"

"ಬರೀ ನಿದ್ದೆ ಮಾವ!"

"ಹೋದ ಸಲ ಫೇಲಾದೋಳ ಮಾತು ನಂಬಿ ಕೂರ್ಲಾ?"

ಆ ಮಾತು ಚುಚ್ಚಿತು. ಫೋನು ಕಸಿದು, ಕ್ಷಮೆ ಕೇಳಿ, ಇಟ್ಟೆ. ನಂತರ ನನ್ನ ಜೀವನದ ಮೊದಲ ವೈದ್ಯಾಜ್ಞೆ ಹೊರಡಿಸಿದೆ. "ಪರೀಕ್ಷೆ ನಡೀತಿದೆ. ರೋಗೀನ ಎಬ್ಬಿಸೋ ಹಾಗಿಲ್ಲ. ನೀವಿಬ್ರೂ ಕೋಸಿನ ಹತ್ರ ಹೋಗಿ!"

ಹೋದರು! ಅಪ್ಪ ಮಗ ಇಬ್ಬರೂ ತೋಳು ಮಡಚಿಕೊಳ್ಳುತ್ತ ಹೋದರು. ಅಂಗಳದಿಂದ ಮಾಲ್ಸೂನಳ ಗದರಿಕೆ ಕೇಳಿತು. "ಅಯ್ಯೋ, ಮೇಲೆ ಸವರೋದಲ್ಲ, ಎಲೆ ಎಲೆಗೂ ಹಚ್ಚಿ!"

ನನ್ನ ಎದೆ ಉಬ್ಬಿತು. ರೋಗವಲ್ಲ, ಶುದ್ಧ ನಿದ್ದೆ ಎಂದು ಕಿವಿಯಿಂದಲೇ ಪತ್ತೆ ಹಚ್ಚಿದವಳು ನಾನು! ಪಾಸಾಗುವುದರಲ್ಲಿ ಇನ್ನು ಸಂದೇಹವೇ ಇರಲಿಲ್ಲ. ಗಂಭೀರವಾಗಿ ರೋಗಿಯ ಕಡೆ ತಿರುಗಿದೆ. ರೋಗಿ ಒಂದು ಕಣ್ಣು ತೆರೆದು ಬಾಗಿಲ ಕಡೆ ನೋಡುತ್ತಿದ್ದರು.

"ಹೋದ್ರಾ?"

"ಅತ್ತೆ! ಯಾವಾಗ ಎಚ್ಚರ ಆಯ್ತು?"

"ನಿದ್ದೆ ಬಂದಿದ್ರೆ ತಾನೇ!" ಅತ್ತೆ ಮತ್ತೆ ಕಣ್ಣು ಮುಚ್ಚಿದರು. "ಹೊಟ್ಟೆ ಬಾಕಿ ಇದೆಯಲ್ಲ, ನಿಧಾನವಾಗಿ ನೋಡು. ಹೊರಗೆ ಕೋಸು ಇನ್ನೂ ಬೇಕಾದಷ್ಟಿದೆ."